ಮೂರು ನಿಮಿಷದ ಅಳು

೪ ಅಕ್ಟೋಬರ್ ೧೯೮೧, ಭಾನುವಾರ

ಇವತ್ತೂ ಕಾಗೆಯ ಕೂಗು ಸಿಗಲಿಲ್ಲ. ಬೆಳಿಗ್ಗೆ ಆರಕ್ಕೇ ಹಿತ್ತಿಲಲ್ಲಿ ಮೈಕ್ ಹಿಡಿದು ನಾನು, ರೆಕಾರ್ಡಿಂಗ್ ಮಿಷನ್ ಹಿಡಿದು ನೂರ್ ಮುಹಮ್ಮದ್. ದಿನಾ ತಲೆ ತಿನ್ನುವ ಕಾಗೆಗಳಿಗೆ ಮೈಕ್ ಕಂಡದ್ದೇ ಮೌನವ್ರತ. ಎಂಟೂವರೆಗೆ ಒಂದು ಬಾಯಿ ಬಿಟ್ಟಿತು — ಅಷ್ಟರಲ್ಲಿ ದೇರೆಬೈಲ್ ಬಸ್ಸಿನವನ ಹಾರ್ನ್. ಹಾಳು ಹಾರ್ನ್. ಹಾಳು ಬಸ್ಸು. ಗೇಟಿಗೆ ಓಡಿಹೋಗಿ ಡ್ರೈವರನಿಗೆ ಬೈದೆ. ಎಂತಕ್ಕೆ ಬೈದದ್ದೆಂದು ಪಾಪ ಅವನಿಗೆ ಗೊತ್ತಾಗಲಿಲ್ಲ.

ನೂರ್ ಮುಹಮ್ಮದರಿಗೆ ಸಿಟ್ಟು ಎಂಬುದೇ ಇಲ್ಲ. ಕಂಕನಾಡಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ದುಬೈಯ ಭಾವ ತಂದುಕೊಟ್ಟ ಜರ್ಮನ್ ರೆಕಾರ್ಡರ್, ಆರು ಸ್ಪೂಲ್ ಟೇಪು. ಆ ಆರರಲ್ಲೇ ಇಡೀ ಸಿನೆಮಾದ ಸದ್ದು ಮುಗಿಯಬೇಕು. ಆದ್ದರಿಂದ ಹಾಳಾದದ್ದನ್ನು ಹಿಂದಕ್ಕೆ ಸುತ್ತಿ ಅದರ ಮೇಲೆಯೇ ಪುನಃ ತೆಗೆಯುವುದು. ಹಳೆಯದು ತನ್ನಷ್ಟಕ್ಕೆ ಅಳಿಸಿಹೋಗುತ್ತದೆ. ಡಬ್ಬಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ 'ಬೇಕು', 'ಬೇಡ' ಎಂದು ಬರೆಯುವುದು ನನ್ನ ಕೆಲಸ. ಶಾಲೆಯಲ್ಲಿ ಪೇಪರ್ ತಿದ್ದುವ ಅದೇ ಪೆನ್ಸಿಲು.

ಇವತ್ತಿನದ್ದು: ಬೇಡ.

೯ ಅಕ್ಟೋಬರ್, ಶುಕ್ರವಾರ

ಏಳನೇ ಕ್ಲಾಸಿಗೆ ಮೋಹನ ರಾಗ ಕಲಿಸಿ ಗಂಟಲು ಹರಿದುಕೊಂಡು ಬಂದರೆ ಚಾವಡಿಯಲ್ಲಿ ಕೃಷ್ಣರಾಜ. ಅಮ್ಮ ಮಾಡಿದ ಗೋಳಿಬಜೆ ತಿನ್ನುತ್ತಾ ಆರಾಮದಲ್ಲಿದ್ದ. ಕಾಲೇಜಿನಿಂದ ಜೊತೆಯವ. ಅಪ್ಪ ದೇವಸ್ಥಾನದ ಭಟ್ಟರು, ಮಗ ಬ್ಯಾಂಕಿನಲ್ಲಿ ಗುಮಾಸ್ತ, ರಜೆ ಸಿಕ್ಕಿದ ದಿನ ಡೈರೆಕ್ಟರ್.

'ಜಾಲ್' ಅಂತ ಅವನ ತುಳು ಸಿನೆಮಾ. ಜಾಲ್ ಎಂದರೆ ಅಂಗಳ. ಶೂಟಿಂಗ್ ಮಾಡಿದ್ದು ನಮ್ಮ ಮನೆಯ ಅಂಗಳದಲ್ಲೇ. ಬೊಂಬಾಯಿ ಹೋಟೆಲಿಗೆ ದುಡಿಯಲು ಹೋದ ಗಂಡನನ್ನು ಒಂಬತ್ತು ವರ್ಷ ಕಾಯುವ ಹೆಂಗಸು. ಕೊನೆಗೆ ಬರುವುದು ಅವನು ಸತ್ತ ಟೆಲಿಗ್ರಾಂ. ಉದ್ದಕ್ಕೂ ಒಂದು ಮಾತೂ ಆಡದವಳು ಕೊನೆಯಲ್ಲಿ ಅಳುತ್ತಾಳೆ. ಆದರೆ ಮುಖ ತೋರಿಸುವುದಿಲ್ಲ. ಮೂರು ನಿಮಿಷ ಬರೀ ಖಾಲಿ ಅಂಗಳ, ಒಣಗಲು ಹಾಕಿದ ಭತ್ತ. ಒಳಗಿನಿಂದ ಅಳು ಮಾತ್ರ. ಆ ಮೂರು ನಿಮಿಷಕ್ಕಾಗಿಯೇ ನಾನು ಒಪ್ಪಿದ್ದು. ಸಂಗೀತವೂ ನನ್ನದು, ಸದ್ದೂ ನನ್ನದು.

ಇವತ್ತು ಬಂದು ಹೇಳುತ್ತಾನೆ, "ಆಶಾ, ಅಲ್ಲಿ ಅಳು ಬೇಡ ಮಾರಾಯ್ತಿ. ಶೆಹನಾಯಿ ಹಾಕುವ."

ಮೈ ಉರಿಯಿತು. ರೇಡಿಯೋದಲ್ಲಿ ದೊಡ್ಡವರು ಸತ್ತರೂ ಅದೇ ಕುಂಯ್ ಕುಂಯ್, ಸಿನೆಮಾದಲ್ಲಿ ಬಡವರು ಸತ್ತರೂ ಅದೇ.

"ನಿನ್ನ ಅಜ್ಜಿ ಸತ್ತಾಗ ಮನೆಯಲ್ಲಿ ಶೆಹನಾಯಿ ಊದಿಸಿದ್ದಾ?"

"ಇಲ್ಲ..."

"ಮತ್ತೆ?"

ಬಾಯಿ ತುಂಬ ಗೋಳಿಬಜೆ. ನಿಜವಾದ ಅಳು ತಂದುಕೊಡುತ್ತೇನೆ, ನೋಡು ಅಂದೆ. ಕೊಟ್ಟೇ ಕೊಡುತ್ತೇನೆ.

೧೮ ಅಕ್ಟೋಬರ್, ಭಾನುವಾರ

ಯಾರೂ ಅಳುವುದಿಲ್ಲವಂತೆ.

ಹೀರೋಯಿನ್ ರಮಾದೇವಿಯ ಮನೆಗೆ ಹೋದೆ. "ನನ್ನ ಯಜಮಾನರು ಗುಂಡುಕಲ್ಲಿನ ಹಾಗೆ ಇದ್ದಾರೆ. ಗಂಡ ಸತ್ತ ಅಂತ ನಾನು ಬೊಬ್ಬೆ ಹಾಕುವುದಾ? ಹೇಗೂ ಮುಖ ತೋರಿಸುವುದಿಲ್ಲ, ಬೇರೆ ಯಾರನ್ನಾದರೂ ಅಳಿಸಿ." ಮುಖ ತೋರಿಸಿದ್ದರೆ ಅಳುತ್ತಿದ್ದಳೋ ಏನೋ.

ಪಕ್ಕದ ಮನೆಯ ಗುಲಾಬಿಯನ್ನು ಕೇಳಿದೆ. ಬೀಡಿ ಕಟ್ಟುವವಳು. ನಮ್ಮ ಕಡೆ ಯಾರ ಮನೆಯಲ್ಲಿ ಸಾವಾದರೂ ಗುಲಾಬಿ ಹೊಸಿಲು ದಾಟಿದ ಮೇಲೆಯೇ ಅಳು ಏಳುವುದು. ಸತ್ತವರ ಒಂದೊಂದೇ ಗುಣ ಹೇಳಿ ಹೇಳಿ ಹಾಡಿದ ಹಾಗೆ ಅಳುತ್ತಾಳೆ. ಎಲೆ ಕತ್ತರಿಸುವ ಕೈ ನಿಲ್ಲಿಸದೆ ಹೇಳಿದಳು, "ಹೆಣ ಇಲ್ಲದೆ ಅಳುವುದು ಹೇಗೆ ಟೀಚರಕ್ಕ? ಯಾರ ಹೆಸರು ಹೇಳಿ ಅಳುವುದು?"

"ಸುಮ್ಮನೆ ಒಂದು ಹೆಸರು ಹೇಳು."

"ಅಯ್ಯೋ ದೇವೆರೇ! ಸಾವಿಲ್ಲದ ಮನೆಯಲ್ಲಿ ಅತ್ತರೆ ಸಾವಿಗೆ ದಾರಿ ತೋರಿಸಿದ ಹಾಗೆ. ನನ್ನಿಂದ ಆಗದು."

ಮೂಢನಂಬಿಕೆ. ಊರಿಗೆ ಐದು ಕಾಲೇಜು ಬಂದರೂ ತಲೆಯೊಳಗೆ ಸೆಗಣಿಯೇ. ಅಮ್ಮನೂ ಅವಳ ಪಕ್ಷ. "ಗುಲಾಬಿ ಹೇಳುವುದು ಸರಿ ಉಂಟು" ಅಂತ. ಊಟ ಬಿಟ್ಟು ಮಲಗಿದೆ.

೨೪ ಅಕ್ಟೋಬರ್, ಶನಿವಾರ

ಅತ್ತಾವರದಲ್ಲಿ ನೂರ್ ಮುಹಮ್ಮದರ ಗಿರಾಕಿಯೊಬ್ಬರು ಬೆಳಿಗ್ಗೆ ತೀರಿಹೋದರು. ಮಿಷನನ್ನು ಚೀಲದಲ್ಲಿ ಹಾಕಿ ಕಳಿಸಿದೆ. ಒಂದು ಗಂಟೆ ಅಲ್ಲಿ ಕೂತು ಖಾಲಿ ಟೇಪು ಹಿಡಿದುಕೊಂಡು ಬಂದರು!

"ಕೇಳದೆ ತೆಗೆಯುವುದು ಹೇಗೆ ಟೀಚರ್? ಕೇಳುವ ಅಂತ ಹೋದೆ, ಬಾಯಿ ಬರಲಿಲ್ಲ."

ಅಂಗಡಿಯಲ್ಲೇ ಹಾರಾಡಿದೆ. "ಕೇಳಿದರೆ ಯಾರಾದರೂ ಹೂಂ ಅಂತಾರಾ? ಇನ್ನು ಸಾವಿನ ಮನೆಯಲ್ಲಿ ಯಾರನ್ನೂ ಕೇಳಬೇಡಿ. ಯಾರ ಮನೆಯೇ ಆಗಲಿ. ಮಿಷನ್ ಇಡಿ, ಬಟನ್ ಒತ್ತಿ, ಮುಗಿಸಿಕೊಂಡು ಬನ್ನಿ. ಇದು ನನ್ನ ಆರ್ಡರ್."

ಕೃಷ್ಣರಾಜ ಅಲ್ಲೇ ಇದ್ದ. "ಟೀಚರ್ ಆರ್ಡರ್ ಆಯ್ತಲ್ಲಾ, ಬರೆದುಕೊಳ್ಳಿ" ಅಂತ ನಕ್ಕ. ನೂರ್ ಮುಹಮ್ಮದ್ ನಗಲಿಲ್ಲ. ಸರಿ ಅಂದರು.

ನಾನು ಹೇಳಿದ್ದರಲ್ಲಿ ತಪ್ಪೆಂತ? ಅಳು ಯಾರಪ್ಪನ ಆಸ್ತಿ? ಗಾಳಿಯಲ್ಲಿ ಹೋಗುವ ಸದ್ದು. ಹಿಡಿದವರದ್ದು.

೧ ನವೆಂಬರ್, ಭಾನುವಾರ

ನಾನೇ ಅತ್ತೆ. ಯಾರ ಹಂಗೂ ಬೇಡ.

ಅಮ್ಮ ಸಂತೆಗೆ ಹೋದ ಸಮಯ ನೋಡಿ ಒಳಕೋಣೆಯ ಕಿಟಕಿಗೆಲ್ಲ ಕಂಬಳಿ ಕಟ್ಟಿದೆ. ಮಿಷನ್ ಮೇಜಿನ ಮೇಲೆ. ನೂರ್ ಮುಹಮ್ಮದ್ ಬಟನ್ ತೋರಿಸಿಕೊಟ್ಟು ಜಗಲಿಯಲ್ಲಿ ಕೂತರು. ಮೂರನೇ ಸಲಕ್ಕೆ ಸ್ವಲ್ಪ ಸ್ವರ ಏಳುತ್ತಿತ್ತು — ಬಾಗಿಲು ದೂಡಿಕೊಂಡು ಅಮ್ಮ! ಕೈಯಲ್ಲಿ ಬಸಳೆಯ ಕಟ್ಟು.

"ಯಾರು ಸತ್ತದ್ದು ಅಂತ ಅಳ್ತಿ? ಹಾಂ? ನಾನು ಜೀವದಲ್ಲಿ ಇದ್ದೇನಲ್ಲಾ ಇನ್ನೂ! ದೀಪ ಇಡುವ ಮನೆಯಲ್ಲಿ ಎಂತ ಅನಿಷ್ಟ ಇದು..." ಅಲ್ಲಿಂದ ಶುರುವಾಗಿ ನಾನು ಮದುವೆ ಬೇಡ ಅಂದದ್ದು, ಹಾರ್ಮೋನಿಯಂ ತಂದದ್ದು, ನನ್ನ ಸಿಟ್ಟು ಅಪ್ಪನ ಕಡೆಯಿಂದ ಬಂದದ್ದು — ಎಲ್ಲ ಬಂತು. ಎಲ್ಲ ರೆಕಾರ್ಡ್ ಆಯಿತು.

ನಾನೂ ಬಿಡಲಿಲ್ಲ. "ಒಳ್ಳೆಯ ಟೇಕ್ ಹಾಳು ಮಾಡಿದಿ! ನಿನಗೆ ಬರಲಿಕ್ಕೆ ಬೇರೆ ಹೊತ್ತು ಇರಲಿಲ್ಲವಾ?" ಅಂತ ಕಿರುಚಿದೆ. ಅಮ್ಮ ಬಸಳೆಯನ್ನು ಅಲ್ಲೇ ಹಾಕಿ ಹೋದಳು.

ನಿಜ ಹೇಳಬೇಕೆಂದರೆ ಒಳ್ಳೆಯ ಟೇಕ್ ಏನೂ ಅಲ್ಲ. ಹಲ್ಲುನೋವಿನವಳು ಅತ್ತ ಹಾಗಿತ್ತು. ಡಬ್ಬಿಯ ಮೇಲೆ ಮೊನೆ ಮುರಿಯುವಷ್ಟು ಒತ್ತಿ ಬರೆದೆ: ಬೇಡ.

೮ ನವೆಂಬರ್, ಭಾನುವಾರ

ಒಂದು ವಾರ ನಮ್ಮೊಳಗೆ ಮಾತಿಲ್ಲ. ಇವತ್ತು ಅಮ್ಮನೇ ಸೋತಳು. ಅಥವಾ ಗೆದ್ದಳು. ಕಾಫಿ ಮುಂದಿಟ್ಟು, "ಆ ನಿಮ್ಮ ಸಿನೆಮಾದ ಹೆಂಗಸು ಯಾಕೆ ಅಳಬೇಕು? ಒಂಬತ್ತು ವರ್ಷ ತಿರುಗಿ ನೋಡದ ಗಂಡ. ಹೋದರೆ ಹೋದ. ಭತ್ತ ಒಳಗೆ ಹಾಕಿ ಬಾಗಿಲು ಹಾಕಲಿ" ಅಂದಳು.

ನಗು ತಡೆಯಲಾಗಲಿಲ್ಲ. ಕೃಷ್ಣರಾಜನಿಗಿಂತ ಒಳ್ಳೆಯ ಕತೆ.

ನಾಡಿದ್ದು ಟೈಲ್ ಫ್ಯಾಕ್ಟರಿಯ ಸೈರನ್ ತೆಗೆಯಬೇಕು. ಗೇಟಿನವನು ಒಳಗೆ ಬಿಡುವುದಿಲ್ಲವಂತೆ. ನೋಡುವ, ಹೇಗೆ ಬಿಡುವುದಿಲ್ಲ ಅಂತ.

೨ ಡಿಸೆಂಬರ್, ಬುಧವಾರ

ಅಮ್ಮ ಹೋಗಿ ಇಪ್ಪತ್ತೊಂದು ದಿನ.

ದೋಸೆಗೆ ರುಬ್ಬುತ್ತಿದ್ದಳು. ಎದೆ ಹಿಡಿದುಕೊಂಡಳು. ರಿಕ್ಷಾ ಬರುವ ಮೊದಲೇ...

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದರು. ಮನೆಯಲ್ಲಿ ನಾನು ಒಬ್ಬಳೇ. ಹೆಣದ ಮುಂದೆ ನಾನು ಅತ್ತದ್ದಕ್ಕೆ ಕಲ್ಲೂ ಕರಗಬೇಕಿತ್ತು ಅಂತ ಎಲ್ಲರೂ ಹೇಳುತ್ತಾರೆ. ನನಗೆ ನೆನಪಿಲ್ಲ. ಒಂದು ಚೂರೂ ನೆನಪಿಲ್ಲ. ಆಮೇಲೆ ಒಂದು ಹನಿ ಕಣ್ಣೀರೂ ಬಂದಿಲ್ಲ. ಬರೀ ಸಿಟ್ಟು ಬರುತ್ತದೆ.

೬ ಡಿಸೆಂಬರ್, ಭಾನುವಾರ

ಗುಲಾಬಿ ಗಂಜಿ ತಂದಳು. ಕೂತಳು, ಎದ್ದಳು, ಹೋಗುವಾಗ ಹೇಳಿಯೇಬಿಟ್ಟಳು. "ನಾನು ಹೇಳಿದ್ದೆ ಟೀಚರಕ್ಕ. ಹತ್ತೇ ದಿನ ಆದದ್ದು, ನೀವು ಅತ್ತು."

ಹತ್ತು ದಿನ. ಲೆಕ್ಕ ಸರಿ. ಅದಕ್ಕೇ ಅಷ್ಟು ಸಿಟ್ಟು ಬಂದದ್ದು. ಗಂಜಿಯ ಪಾತ್ರೆ ಸಮೇತ ಅವಳನ್ನು ಹೊರಗೆ ಹಾಕಿದೆ. ಅಮ್ಮನಿಗೆ ಹೃದಯದ ಕಾಯಿಲೆ ಇತ್ತು. ಮಾತ್ರೆ ಬಿಟ್ಟಿದ್ದಳು. ಹೆಂಗಸರು ಅತ್ತರೆ ಸಾವು ಬರುವುದಾದರೆ ಈ ಊರಿನಲ್ಲಿ ಒಬ್ಬ ಗಂಡಸೂ ಬದುಕಿರುತ್ತಿರಲಿಲ್ಲ.

ಹೀಗೆ ನನಗೆ ನಾನೇ ಮೂರು ಸಲ ಹೇಳಿಕೊಂಡೆ.

ಅಮ್ಮನ ಎರಡು ಫೋಟೋ ಉಂಟು. ಎರಡರಲ್ಲೂ ಬಾಯಿ ಬಿಗಿದು ನಿಂತಿದ್ದಾಳೆ. ಆಮೇಲೆ ತಟ್ಟನೆ ನೆನಪಾಯಿತು — ಸ್ವರ ಉಂಟಲ್ಲಾ! ಆ ಹಾಳಾದ ಟೇಕ್! ಪೂರಾ ಬೈಗುಳ, ನಾಲ್ಕು ನಿಮಿಷದ್ದಾದರೂ ಇರಬಹುದು. ನಾಳೆಯೇ ಹೋಗಬೇಕು. ನೂರು ಸಲ ಬೈಸಿಕೊಳ್ಳಬೇಕು.

೭ ಡಿಸೆಂಬರ್, ಸೋಮವಾರ

ಶಾಲೆಯಿಂದ ನೇರ ಕಂಕನಾಡಿಗೆ. ನೂರ್ ಮುಹಮ್ಮದ್ ನನ್ನನ್ನು ಕಂಡು ಚಾ ಕುಡಿಯಲು ಹೋದವರು ಬರಲೇ ಇಲ್ಲ. ಮುಕ್ಕಾಲು ಗಂಟೆ ಕಾದೆ. ಹೀಗೆ ಮಾಡುವ ಜನ ಅಲ್ಲ ಅವರು.

೧೨ ಡಿಸೆಂಬರ್, ಶನಿವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬಾಗಿಲು ತೆರೆಯುವ ಮೊದಲೇ ಹೋಗಿ ಅಂಗಡಿಯ ಮುಂದೆ ನಿಂತೆ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನೂರ್ ಮುಹಮ್ಮದ್ ಆ ಸ್ಪೂಲು ಹಾಕಿದರು. ನನ್ನ ಹಲ್ಲುನೋವಿನ ಅಳು. ಬಾಗಿಲಿನ ಸದ್ದು. ಅಮ್ಮ.

"ಯಾರು ಸತ್ತದ್ದು ಅಂತ —"

ಕಟ್. ಮತ್ತೆ ಅಳು. ಬೇರೆ ಅಳು. ಯಾವಳೋ ಪ್ರಾಣಿಯ ಹಾಗೆ ಒರಲುತ್ತಿದ್ದಾಳೆ, ನಡುವೆ ಗುಲಾಬಿಯ ಸ್ವರ, ಯಾರೋ ನೀರು ಕೊಡಿ ಅನ್ನುವುದು. ಇದು ಯಾರದ್ದು ಅಂತ ಕೇಳಿದೆ. ನಿಜವಾಗಿ ಕೇಳಿದೆ. ಗುರುತು ಸಿಗಲಿಲ್ಲ ನನಗೆ.

ನೂರ್ ಮುಹಮ್ಮದ್ ನೆಲ ನೋಡುತ್ತಾ, "ನಿಮ್ಮದು ಟೀಚರ್" ಅಂದರು.

ಅಮ್ಮ ಹೋದ ದಿನ ಕೃಷ್ಣರಾಜ ಸ್ಕೂಟರಿನಲ್ಲಿ ಬಂದು ಇವರನ್ನು ಕರೆದುಕೊಂಡು ಹೋದನಂತೆ. ಮಿಷನ್ ತಗೊಳ್ಳಿ ಅಂದನಂತೆ. ಇವರು ಬೇಡ ಅಂದದ್ದಕ್ಕೆ, ಯಾರ ಮನೆಯೇ ಆಗಲಿ ಅಂತ ಟೀಚರ್ ಆರ್ಡರ್ ಉಂಟಲ್ಲಾ ಅಂದನಂತೆ. ಚಾವಡಿಯ ಬೆಂಚಿನ ಅಡಿಯಲ್ಲಿ ಮಿಷನ್ ಇಟ್ಟು ಬಟನ್ ಒತ್ತಿ ಇವರು ಹೊರಗೆ ಹೋಗಿ ನಿಂತರಂತೆ.

"ನೀವೇ ಹೇಳಿದ್ದಿರಿ ಅಲ್ವಾ ಟೀಚರ್. ಸಾವಿನ ಮನೆಯಲ್ಲಿ ಯಾರನ್ನೂ ಕೇಳಬೇಡಿ ಅಂತ."

"ಆ ಸ್ಪೂಲಿನಲ್ಲಿ ಅಮ್ಮ ಇದ್ದಳಲ್ಲಾ!"

ಅವರು ಡಬ್ಬಿಯನ್ನು ನನ್ನ ಮುಂದೆ ಇಟ್ಟರು. ಕೆಂಪು ಅಕ್ಷರ. ಬೇಡ. ನನ್ನದೇ ಕೈ.

ಅವರನ್ನು ಬೈಯಲು ಬಾಯಿ ತೆರೆದೆ. ಏನು ಅಂತ ಬೈಯುವುದು? ಅವರು ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಅದೂ ಬರಲಿಲ್ಲ. ಸ್ಪೂಲನ್ನು ಕಿತ್ತುಕೊಂಡು ಬಸ್ಸು ಹತ್ತಿದೆ. ನಾಲ್ಕು ನಿಮಿಷದ ಅಮ್ಮನಲ್ಲಿ ಉಳಿದದ್ದು ಮೂರು ಮಾತು. ಉಳಿದದ್ದನ್ನೆಲ್ಲ ನನ್ನ ಅಳು ನುಂಗಿತು.

೧೩ ಡಿಸೆಂಬರ್, ಭಾನುವಾರ

ಕೃಷ್ಣರಾಜ ಬಂದ. ನೂರ್ ಮುಹಮ್ಮದ್ ಹೇಳಿರಬೇಕು. ಮುಖ ಸಣ್ಣದು ಮಾಡಿಕೊಂಡು ಬಂದರೂ ಕಣ್ಣಿನಲ್ಲಿ ಆಸೆ.

"ತಪ್ಪಾಯ್ತು ಆಶಾ. ಆದರೆ ಒಮ್ಮೆ ಡೈರೆಕ್ಟರ್ ಆಗಿ ಯೋಚನೆ ಮಾಡು. ಅಂಥ ಅಳು ಇಡೀ ಇಂಡಿಯಾದಲ್ಲಿ ಯಾರ ಸಿನೆಮಾದಲ್ಲೂ ಇಲ್ಲ. ನೀನೇ ಕೇಳಿದ್ದಲ್ವಾ, ನಿಜವಾದದ್ದು ಬೇಕು ಅಂತ?"

"ಕೇಳಿದ್ದೆ."

"ನಿನ್ನ ಹೆಸರು ಹಾಕುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ."

"ಅಮ್ಮನಿಗೆ ಗೊತ್ತಾಗ್ತದೆ" ಅಂದೆ. ನನ್ನ ಬಾಯಿಂದ ಇಂಥ ಮಾತು! ಗುಲಾಬಿ ಕೇಳಿದ್ದರೆ ಹೊಟ್ಟೆ ತುಂಬ ನಗುತ್ತಿದ್ದಳು.

ಆಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ಕಳ್ಳ ಅಂದೆ. ಹೆಣದ ಮೇಲಿನ ಬಟ್ಟೆ ಕದಿಯುವವ ಅಂದೆ. ಅವನು ಚಪ್ಪಲಿ ಹಾಕಿಕೊಂಡು ಹೊರಟ. ಕೊನೆಗೆ ಗೇಟಿನ ಹತ್ತಿರ ತಿರುಗಿ ನಿಂತು, "ನಾನು ಕದ್ದದ್ದು ಒಂದು ಅಳು. ನೀನು ಅತ್ತಾವರದಲ್ಲಿ ಕದಿಯಲಿಕ್ಕೆ ಕಳಿಸಿದ್ದು ಯಾರದ್ದು? ಅವರ ಹೆಸರಾದರೂ ಗೊತ್ತುಂಟಾ ನಿನಗೆ?" ಅಂತ ಕೇಳಿದ.

ಗೊತ್ತಿಲ್ಲ. ಅದೇ ನನ್ನನ್ನು ಸುಡುವುದು. ಅವನ ಬಾಯಲ್ಲಿ ನ್ಯಾಯದ ಮಾತು ಬಂದದ್ದು ಇನ್ನೂ ಸುಡುತ್ತದೆ.

೩ ಜನವರಿ ೧೯೮೨, ಭಾನುವಾರ

ಕೃಷ್ಣರಾಜ ನಾಳೆ ಮದ್ರಾಸಿಗೆ. ಅಲ್ಲಿ ಎಲ್ಲ ಸದ್ದು ಸೇರಿಸಿ ಮಿಕ್ಸಿಂಗ್. ಉಳಿದ ಐದು ಸ್ಪೂಲು ಕೊಟ್ಟೆ. ಮೀನಿನವಳ ಕೂಗು, ಹಿಡಿಸೂಡಿಯಲ್ಲಿ ಅಂಗಳ ಗುಡಿಸುವುದು, ಬಂದರಿನ ದೋಣಿಯ ಇಂಜಿನು, ಸೈರನ್, ನಾನು ಕಟ್ಟಿದ ಮೂರು ಮಟ್ಟು. ಆರನೆಯದ್ದು ಕೊಡಲಿಲ್ಲ. ಅದು ಅಮ್ಮನ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ.

"ಹಾಗಾದರೆ ಆ ಮೂರು ನಿಮಿಷಕ್ಕೆ ಶೆಹನಾಯಿಯೇ" ಅಂದ.

"ಹಾಕಿ ನೋಡು. ಆ ಐದನ್ನೂ ವಾಪಸು ತೆಗೆದುಕೊಳ್ಳುತ್ತೇನೆ. ಮೂಕಿ ಸಿನೆಮಾ ತೋರಿಸಿಕೊಂಡಿರು."

ಯಾವ ಸೀನಿಗೆ ಯಾವ ಸದ್ದು ಎಂಬ ಪಟ್ಟಿ ಬರೆದುಕೊಟ್ಟೆ. ಕೊನೆಯ ಸೀನಿನ ಎದುರು ಬರೆದೆ: ಏನೂ ಇಲ್ಲ. ಅವನು ಅದನ್ನು ಎರಡು ಸಲ ಓದಿದ. ಪ್ರಯೋಗ ಅಂತ ಹೇಳಬಹುದು ಅಂದ. ಹೇಳಿಕೊಳ್ಳಲಿ, ನನಗೇನು.

೧೪ ಮಾರ್ಚ್, ಭಾನುವಾರ. ಮಧ್ಯಾಹ್ನ ಎರಡು

ಈಗಷ್ಟೇ ಮನೆಗೆ ಬಂದೆ. 'ಜಾಲ್'ನ ಮಾರ್ನಿಂಗ್ ಶೋ. ಟಾಕೀಸು ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ಕೃಷ್ಣರಾಜ ಬಾಗಿಲಲ್ಲಿ ಜುಬ್ಬಾ ಹಾಕಿ ಕೈ ಮುಗಿಯುತ್ತಿದ್ದ. ನಾನು ಮಾತಾಡಿಸಲಿಲ್ಲ. ಪಕ್ಕದಲ್ಲಿ ಗುಲಾಬಿ. ಮೊನ್ನೆ ಅವಳೇ ಬಂದು, ನಾನೂ ಬರ್ತೇನೆ ಟೀಚರಕ್ಕ, ಒಬ್ಬರೇ ಹೋಗಬೇಡಿ ಅಂದಿದ್ದಳು. ನೂರ್ ಮುಹಮ್ಮದ್ ಹಿಂದೆ ಎಲ್ಲೋ ಇದ್ದರು.

ಸದ್ದು ಚೆನ್ನಾಗಿ ಬಂದಿತ್ತು. ಹೇಳಬೇಕಾದದ್ದು ಹೇಳಬೇಕು. ಮೀನಿನವಳ ಕೂಗಿಗೆ ಜನ ನಕ್ಕರು. ಅಮ್ಮ ಗುಡಿಸುವ ಸದ್ದಿಗೆ ಗುಲಾಬಿ ಪರದೆ ನೋಡುವುದು ಬಿಟ್ಟು ನನ್ನ ಮುಖ ನೋಡಿದಳು.

ಕೊನೆಗೆ ಟೆಲಿಗ್ರಾಂ ಬಂತು. ರಮಾದೇವಿ ಒಳಗೆ ಹೋದಳು. ಅಂಗಳ. ಏನೂ ಇಲ್ಲ.

ಮೊದಲು ಕೆಮ್ಮು. ಆಮೇಲೆ ಕುರ್ಚಿಗಳ ಕಿರಕಿರ. ಆಮೇಲೆ ಮುಂದಿನ ಸಾಲಿನಿಂದ ಒಬ್ಬ, "ಸೌಂಡ್!" ಇನ್ನೊಬ್ಬ, "ಏ ಆಪರೇಟರೇ, ನಿದ್ದೆಯಾ? ಸೌಂಡ್ ಹಾಕಿ ಮಾರಾಯ್ರೆ!" ಸಿಳ್ಳೆ. ಕಾಲು ಬಡಿಯುವುದು. ಆಪರೇಟರ್ ತನ್ನದೇ ತಪ್ಪೆಂದು ತಿಳಿದು ವಾಲ್ಯೂಮ್ ಏರಿಸಿದ ಅಂತ ಕಾಣುತ್ತದೆ, ಪರಪರ ಸದ್ದು ಬಂತು. ಸೌಂಡ್, ಸೌಂಡ್ ಅಂತ ಇಡೀ ಟಾಕೀಸು.

ನಾನು ಪರದೆ ನೋಡುತ್ತಿದ್ದೆ. ಶೂಟಿಂಗಿನ ದಿನ ಆ ಭತ್ತ ಹರಡಿದ್ದು ಅಮ್ಮ. ಕಾಲಿನಲ್ಲಿ ಗೆರೆ ಎಳೆದು ಎಳೆದು ಹರಡಿದ್ದಳು. ಆ ಗೆರೆಗಳು ಅಲ್ಲೇ ಇದ್ದವು, ಅಷ್ಟು ದೊಡ್ಡದಾಗಿ. ಅವಳ ಕಾಲಿನ ಗೆರೆ.

ಎಲ್ಲಿಂದ ಬಂತೋ ಗೊತ್ತಿಲ್ಲ. ನಾನು ಅತ್ತದ್ದಲ್ಲ, ಅದೇ ಬಂದದ್ದು. ನಾಲ್ಕು ತಿಂಗಳು ಬಾರದ್ದು. ಬಾಯಿ ತೆರೆಯಿತು, ಸ್ವರ ಹೊರಟಿತು. ಆ ಟೇಪಿನಲ್ಲಿ ಇದ್ದ ಅದೇ ಸ್ವರ.

ಸಿಳ್ಳೆ ನಿಂತಿತು. ಹಿಂದಿನ ಸಾಲಿನಲ್ಲಿ ಒಬ್ಬ ಸಮಾಧಾನದಲ್ಲಿ ಹೇಳಿದ, "ಹಾಂ. ಬಂತು ಬಂತು."

ಜನ ಸರಿಯಾಗಿ ಕೂತುಕೊಂಡರು. ಕತ್ತಲೆಯಲ್ಲಿ ನಾನು ನನ್ನ ಅಮ್ಮನಿಗಾಗಿ ಅಳುತ್ತಿದ್ದೇನೆ, ಇವರು ಟಿಕೆಟು ಕೊಟ್ಟವರು ಪರದೆ ನೋಡಿಕೊಂಡು ಕೇಳುತ್ತಿದ್ದಾರೆ! ಸಿಟ್ಟು ನೆತ್ತಿಗೇರಿತು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿದೆ.

"ಏ! ಪುನಃ ಹೋಯ್ತು! ಸೌಂಡ್!"

ಗುಲಾಬಿ ನನ್ನ ಕೈ ಹಿಡಿದಳು. ಪರದೆಯ ಮೇಲೆ ಇನ್ನೂ ಎರಡು ನಿಮಿಷ ಬಾಕಿ ಇತ್ತು, ನನಗೆ ಗೊತ್ತು. ಸೌಂಡ್, ಸೌಂಡ್. ನಾನು ಎದ್ದು ನಿಂತೆ, ಅವರ ಕಡೆಗೆ ತಿರುಗಿದೆ, ಬಾಯಿಯಿಂದ ಸೆರಗು ತೆಗೆದು ಅವರ ಮುಖ ನೋಡಿಕೊಂಡೇ ಅತ್ತೆ, ಆ ಎರಡು ನಿಮಿಷ ಮುಗಿಯುವವರೆಗೂ.